ಮುಖ ಕಾಣುವ ಎತ್ತರ

1994ರಲ್ಲಿ ನಾನು ಮೊದಲ ಸಲ ನಂಜನಗೂಡಿಗೆ ಬಂದದ್ದು ರೈಲ್ವೆ ಕಟ್ಟಡ ವಿಭಾಗದ ಇನ್‌ಸ್ಪೆಕ್ಟರ್ ಆಫ್ ವರ್ಕ್ಸ್ ಆಗಿ. ಬಾಯಿಗೆ ಸುಲಭವಾಗಲೆಂದು ಎಲ್ಲರೂ ಐಓಡಬ್ಲ್ಯು ಎನ್ನುತ್ತಿದ್ದರು. ಸ್ಟೇಷನ್ನಿನ ಹೆಂಚು, ಗೋಡೆ, ನಲ್ಲಿ, ಪ್ಲಾಟ್‌ಫಾರ್ಮು, ಸಿಬ್ಬಂದಿಯ ಕ್ವಾರ್ಟರ್ಸು ಎಲ್ಲವೂ ನಮ್ಮ ಪಾಲಿಗೆ. ರೈಲು ಓಡಿಸುವವರನ್ನು ಕಂಡು ಮಕ್ಕಳು ಕೈಬೀಸುತ್ತವೆ. ಛಾವಣಿ ಸೋರಿದಾಗ ಮಾತ್ರ ನಮ್ಮ ನೆನಪಾಗುತ್ತದೆ. ಕೆಲವು ವರ್ಷ ಅಲ್ಲಿದ್ದು ವರ್ಗವಾಗಿ ಹೋದವನು, ಮತ್ತೆ 2005ರ ಸುಮಾರಿಗೆ, ತಲೆ ಅರ್ಧ ನರೆತ ಮೇಲೆ, ಅದೇ ಊರಿಗೆ ಸೆಕ್ಷನ್ ಎಂಜಿನಿಯರ್ ಎಂಬ ಹೆಸರಿನಲ್ಲಿ ಬಂದೆ. ಹೆಸರು ಹೊಸದು, ಸೋರುವ ಛಾವಣಿ ಮಾತ್ರ ಹಳೆಯದೇ.

ಎರಡನೆಯ ಸಲ ಬಂದದ್ದು ಆ ಛಾವಣಿಯನ್ನು ರಿಪೇರಿ ಮಾಡಲು ಅಲ್ಲ, ಇಳಿಸಲು. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿ ಮೀಟರ್ ಗೇಜ್ ಆಗಿತ್ತು. ಎಂದರೆ ಎರಡು ಹಳಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರ್. ದೇಶದ ದೊಡ್ಡ ದಾರಿಗಳಲ್ಲಿ ಇರುವುದು ಬ್ರಾಡ್ ಗೇಜ್; ಅಲ್ಲಿ ಅಂತರ 1676 ಮಿಲಿಮೀಟರ್. ಚಿಕ್ಕ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸಕ್ಕೆ ಗೇಜ್ ಪರಿವರ್ತನೆ ಎನ್ನುತ್ತೇವೆ. ಹಳಿ ಬದಲಾದರೆ ಸೇತುವೆ ಬದಲಾಗಬೇಕು, ಸೇತುವೆ ಬದಲಾದರೆ ಸ್ಟೇಷನ್ನೂ ಬದಲಾಗಬೇಕು. ಅಷ್ಟೆಲ್ಲ ಆಗುವತನಕ ರೈಲು ಬಂದ್.

ನನಗೆ ಆ ಚಿಕ್ಕ ಗಾಡಿಯ ಮೇಲೆ ಮೋಹ ಇತ್ತು, ಈಗಲೂ ಇದೆ. ಪುಟ್ಟ ಡೀಸೆಲ್ ಎಂಜಿನ್ನು, ಅದರ ಹಿಂದೆ ಓಲಾಡುತ್ತ ಬರುವ ಡಬ್ಬಿಗಳು. ಕಪಿಲಾ ನದಿ ದಾಟುವಾಗ ಸೇತುವೆಯ ಮೇಲೆ ಎಷ್ಟು ನಿಧಾನವಾಗಿ ಬರುತ್ತಿತ್ತೆಂದರೆ, ಹೊಳೆಯಲ್ಲಿ ಮುಳುಗು ಹಾಕುತ್ತಿದ್ದವರ ಜೊತೆ ಕಿಟಕಿಯಲ್ಲಿ ಕೂತವರು ಕ್ಷೇಮಸಮಾಚಾರ ಮುಗಿಸಿಬಿಡುತ್ತಿದ್ದರು. ಹೊಸದಾಗಿ ಮುಡಿ ಕೊಟ್ಟು ಬೋಳಾದ ತಲೆಗೆ ಗಂಧ ಬಳಿದುಕೊಂಡ ಮನೆಮಂದಿಯೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ರಸಬಾಳೆ ಗೊನೆಗಳು ಬ್ರೇಕ್ ವ್ಯಾನ್ ಹತ್ತಿದ ದಿನ ಗಾರ್ಡಿನ ಯೂನಿಫಾರ್ಮೂ ಘಮಘಮ. ಆಮೇಲೆ ತೋಟಗಳಿಗೆ ರೋಗ ಬಿದ್ದು ಆ ಗೊನೆಗಳೂ ಅಪರೂಪವಾದವು. ಒಂದೊಂದೇ ಹೋಗುತ್ತಿದ್ದುದನ್ನು ನೋಡಿದ ನನಗೆ, ಕೊನೆಗೆ ಗಾಡಿಯೇ ಹೋಗುತ್ತದೆಂದಾಗ ಅದನ್ನು ಒಪ್ಪಲು ಮನಸ್ಸಾಗಲಿಲ್ಲ. ಎಂಜಿನಿಯರಾದವನು ಇದನ್ನೆಲ್ಲ ಬಾಯಿಬಿಟ್ಟು ಹೇಳುವಂತಿಲ್ಲ.

ಹಳೆಯ ಪ್ಲಾಟ್‌ಫಾರ್ಮಿನ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ನಮ್ಮ ಭಾಷೆಯಲ್ಲಿ ರೈಲ್ ಲೆವೆಲ್ ಎನ್ನುತ್ತೇವೆ. ಹಳಿ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ಎತ್ತರದ ಮಣ್ಣಿನ ನೆಲ. ಗಾಡಿ ಹತ್ತಬೇಕಾದರೆ ಕಬ್ಬಿಣದ ಮೆಟ್ಟಿಲು ಹಿಡಿದು ಮೇಲೆ ಹೋಗಬೇಕು. ನೆಲದ ಮೇಲೆ ನಿಂತವರಿಗೆ ಕಿಟಕಿ ತಲೆಗಿಂತ ಮೇಲಿರುತ್ತದೆ.

ಆ ನೆಲದ ಮೇಲೆ, ಟಿಕೆಟ್ ಕೌಂಟರಿನಿಂದ ಸ್ವಲ್ಪ ದೂರದಲ್ಲಿ, ನಾಲ್ಕು ಕಲ್ಲು ಕಂಬಗಳ ಒಂದು ಪುಟ್ಟ ಮಂಟಪವಿತ್ತು. ಅದು ಅರವಟ್ಟಿಗೆ. ಬಿಸಿಲುಕಾಲದಲ್ಲಿ ದಾರಿಹೋಕರಿಗೆ ಪುಕ್ಕಟೆ ನೀರು, ಮಜ್ಜಿಗೆ ಕೊಡುವ ಧರ್ಮ ನಮ್ಮ ಕಡೆ ಹಳೆಯದು. ಊರಿನ ಮಂಡಿ ವ್ಯಾಪಾರದ ಒಂದು ಮನೆತನದವರು ಹಿಂದೆ ಯಾವಾಗಲೋ ಅಪ್ಪಣೆ ಪಡೆದು ಅದನ್ನು ಕಟ್ಟಿಸಿದ್ದರು. ಶಿವರಾತ್ರಿಗೆ ಶುರುವಾಗಿ ಮುಂಗಾರು ಬಿದ್ದ ಮೇಲೆ ಮುಚ್ಚುವುದು ಪದ್ಧತಿ. ಆದರೆ ಆ ಮನೆಯ ಸೊಸೆ ಮಹದೇವಮ್ಮನವರ ಕೈಗೆ ಬಂದ ಮೇಲೆ ಅದು ಮುಚ್ಚಲೇ ಇಲ್ಲ. ಆಷಾಢದ ಜಿಟಿಜಿಟಿಯಲ್ಲೂ ಮಧ್ಯಾಹ್ನದ ಗಾಡಿಗೆ ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಕೊಡ, ಕೈಯಲ್ಲಿ ಹಿತ್ತಾಳೆ ಚೆಂಬು ಹಿಡಿದು ನಿಂತಿರುತ್ತಿದ್ದರು. ಕುಳ್ಳಗಿನ, ಗಟ್ಟಿ ಹೆಂಗಸು. ನಾನೊಮ್ಮೆ, "ಮಳೆಯಲ್ಲಿ ಯಾರಿಗಮ್ಮ ಬಾಯಾರಿಕೆ?" ಎಂದು ತಮಾಷೆ ಮಾಡಿದ್ದೆ. "ಮಳೆ ಹೊರಗೆ ಹುಯ್ತದೆ ಸಾ, ಒಳಗೆ ಹುಯ್ಯಲ್ಲ" ಎಂದಿದ್ದರು.

ಅವರ ತವರು ತಿರುಮಕೂಡಲು ನರಸೀಪುರ. "ನಮ್ಮೂರಲ್ಲಿ ಎರಡು ಹೊಳೆ ಬಂದು ಸೇರ್ತವೆ, ರೈಲು ಮಾತ್ರ ಬರ್ನಿಲ್ಲ" ಎನ್ನುತ್ತಿದ್ದರು. ನಂಜನಗೂಡಿನ ಸಂಬಂಧ ಬಂದಾಗ ಗಂಡು ಹೇಗಿದ್ದಾನೆಂದು ಕೇಳಲಿಲ್ಲವಂತೆ, ಮನೆಗೆ ರೈಲಿನ ಕೂಗು ಕೇಳಿಸುತ್ತದೆಯೇ ಎಂದು ಕೇಳಿದ್ದರಂತೆ. ಆ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಗೀಗ ಗಂಡನ ಅಣ್ಣ ಮರಿಸ್ವಾಮಪ್ಪನವರು ಯಜಮಾನರು.

ಗೇಜ್ ಪರಿವರ್ತನೆಯ ನಕ್ಷೆ ಬಂದಾಗ ಮೊದಲು ನನ್ನ ಆಫೀಸಿಗೆ ಬಂದವರೂ ಅವರೇ. ಜೊತೆಗೆ ಊರಿನ ಹತ್ತಾರು ಜನ. ಹೊಸ ಪ್ಲಾಟ್‌ಫಾರ್ಮು ಹೈ ಲೆವೆಲ್, ಅಂದರೆ ಹಳಿಯಿಂದ ಮುಕ್ಕಾಲು ಮೀಟರಿಗೂ ಸ್ವಲ್ಪ ಹೆಚ್ಚು ಎತ್ತರ. ಅದು ಬರುವ ಜಾಗದಲ್ಲೇ ಮಂಟಪವಿತ್ತು. "ಹಿರೀಕರು ನಿಲ್ಲಿಸಿದ ಕಲ್ಲು, ಸಾಹೇಬರೇ. ನಿಂತ ಜಾಗದಿಂದ ಅಲ್ಲಾಡಬಾರದು" ಎಂದರು ಮರಿಸ್ವಾಮಪ್ಪ. ನನಗೆ ಒಳಗೊಳಗೇ ಖುಷಿ. ಹಳೆಯದರಲ್ಲಿ ಏನಾದರೊಂದು ಉಳಿಯಲಿ ಎಂದು ನಾನೂ ಹಂಬಲಿಸುತ್ತಿದ್ದೆ. ಮಂಟಪವನ್ನು ಇದ್ದಲ್ಲೇ ಬಿಟ್ಟು, ಸುತ್ತ ತಡೆಗೋಡೆ ಕಟ್ಟಿ, ಪ್ಲಾಟ್‌ಫಾರ್ಮಿನಿಂದ ಕೆಳಗಿಳಿಯಲು ಮೆಟ್ಟಿಲು ಕೊಡುವ ಹಾಗೆ ಒಂದು ಚಿತ್ರ ಬರೆದೆ. ಎಲ್ಲರೂ ತಲೆದೂಗಿದರು. ಪೇಪರಿನ ಮೇಲೆ ಬಹಳ ಲಕ್ಷಣವಾಗಿ ಕಾಣುತ್ತಿತ್ತು.

ಮಾರನೆಯ ದಿನ ಮಹದೇವಮ್ಮ ಒಬ್ಬರೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಕ್ಷೆ ಬರ್ದಿದ್ದೀರಂತೆ. ಎಂಗಿದೆ ಅಂತ ಹೇಳಿ ಸಾ."

ಮೇಜಿನ ಮೇಲಿದ್ದ ರಬ್ಬರನ್ನು ಮಂಟಪ ಮಾಡಿ, ಅದರ ಸುತ್ತ ಪುಸ್ತಕಗಳನ್ನಿಟ್ಟು ತೋರಿಸಿದೆ. ಅವರು ಪುಸ್ತಕಗಳನ್ನೂ ಕೆಳಗಿದ್ದ ರಬ್ಬರನ್ನೂ ನೋಡಿದರು.

"ಅಂದ್ರೆ ನಾನು ಗುಂಡಿ ಒಳಗೆ, ಗಾಡಿ ಮೇಲೆ."

"ಮೆಟ್ಟಿಲಿರ್ತದಲ್ಲಮ್ಮ."

"ಕೊಡ ಹೊತ್ಕೊಂಡು ಹತ್ತಾದ್ರೊಳಗೆ ಗಾಡಿ ಹೊಂಟೋಯ್ತದೆ. ನಂಗೆ ಈ ಮಂಟಪ ಬ್ಯಾಡ ಸಾ. ನಂಗೆ ಆ ಎತ್ತರ ಬೇಕು."

ಊರೆಲ್ಲ ಹಳೆಯದು ಬೇಕೆನ್ನುವಾಗ ಇವರೊಬ್ಬರು ಹೊಸದು ಬೇಕೆಂದದ್ದು ನನಗೆ ಅರ್ಥವಾಗಲಿಲ್ಲ. ಯಾಕೆಂದು ಕೇಳಿದೆ. ಆಗ ಹೇಳಿದರು. ಇಷ್ಟು ವರ್ಷ ನೀರು ಕೊಟ್ಟಿದ್ದೇನೆ, ಯಾರ ಮುಖವನ್ನೂ ನೋಡಿಲ್ಲ ಎಂದರು. ಕೆಳಗೆ ನಿಂತು ತಲೆ ಎತ್ತಿದರೆ ಹೊರಗಿನ ಬಿಸಿಲಿಗೆ ಡಬ್ಬಿಯ ಒಳಗೆಲ್ಲ ಕತ್ತಲು. ಕಂಬಿಗಳ ಸಂದಿಯಿಂದ ಲೋಟ, ಬಾಟ್ಲಿ, ಬೊಗಸೆ ಹಿಡಿದು ಇಳಿಯುವ ಕೈಗಳು ಮಾತ್ರ. ನೀರು ಚೆಲ್ಲಬಾರದೆಂದು ಕಣ್ಣೆಲ್ಲ ಆ ಕೈಗಳ ಮೇಲೆಯೇ.

"ಅದ್ರಲ್ಲಿ ಒಂದು ಕೈ ಐತೆ ಸಾ," ಎಂದರು. ಚಾಮರಾಜನಗರದ ಕಡೆಯಿಂದ ಮೈಸೂರಿಗೆ ಹೋಗುವ ಮಧ್ಯಾಹ್ನದ ಗಾಡಿಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಹೆಂಗಸಿನ ಕೈ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ. "ಅಕ್ಕಾ, ನೀರು" ಎನ್ನುವ ದನಿ. ಇವರು ಚೆಂಬನ್ನೇ ಕೊಡುತ್ತಿದ್ದರು. ಚೆಂಬು ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಒಂದು ಸಲ ಹಿಡಿ ಕಡ್ಲೇಕಾಯಿ, ಒಂದು ಸಲ ಎರಡು ನಿಂಬೆಹಣ್ಣು, ಒಂದು ಸಲ ಒಂದು ಮೊಳ ಕನಕಾಂಬರ. ಮಾತೆಂದರೆ "ತಗಳವ್ವ", "ಬತ್ತೀನಿ ಅಕ್ಕ", ಅಷ್ಟೇ. ಹಾಗೆಯೇ ವರ್ಷಗಳು ಕಳೆದವು. ಮಳೆಗಾಲದಲ್ಲೂ ಅರವಟ್ಟಿಗೆ ಮುಚ್ಚದೆ ಇದ್ದುದಕ್ಕೆ ಕಾರಣ ಆಗ ತಿಳಿಯಿತು.

"ಒಂದು ಸಲ ಆ ಕೈಯಲ್ಲಿ ಬಳೆ ಇರ್ನಿಲ್ಲ ಸಾ. ಬರೀ ಕೈ. ನಾನು ಏನೂ ಕೇಳ್ನಿಲ್ಲ. ಚೆಂಬು ಕೊಡೋವಾಗ ಒಂದು ಗಳಿಗೆ ಆ ಕೈ ಹಿಡ್ಕಂಡಿದ್ದೆ. ಅವಳೂ ಬುಡ್ನಿಲ್ಲ. ಗಾಡಿ ಅಲ್ಲಾಡ್ತು, ಬುಟ್ಲು. ಅವತ್ತು ಅವಳು ಅತ್ತಿದ್ರೂ ನಂಗೆ ಕಾಣ್ನಿಲ್ಲ. ಒಂದ್ಸಲ ಆ ಮುಖ ನೋಡ್ಬೇಕು ಸಾ, ಅಷ್ಟೆ. ದೊಡ್ಡ ಗಾಡಿ ಬಂದು ಕಟ್ಟೆ ಎತ್ತರ ಆದ್ರೆ ಕಿಟಕಿ ನನ್ನ ಮುಖದ ನೇರಕ್ಕೆ ಬತ್ತದೆ ಅಂತ ಸ್ಟೇಷನ್ ಮಾಸ್ಟ್ರು ಹೇಳಿದ್ರು. ಹೌದಾ?"

ಲೆಕ್ಕ ಹಾಕಿದೆ. ಹೌದು, ಬರುತ್ತಿತ್ತು. ಪ್ಲಾಟ್‌ಫಾರ್ಮಿನ ಎತ್ತರವನ್ನು ನಾನು ಅದುವರೆಗೆ ಮಣ್ಣು ಎಷ್ಟು ಲೋಡು ಬೇಕು ಎಂಬುದಕ್ಕೆ ಮಾತ್ರ ಲೆಕ್ಕ ಹಾಕಿದ್ದವನು.

ಈಗ ನನಗೆ ಅತ್ತ ದರಿ, ಇತ್ತ ಪುಲಿ. ಮಂಟಪವನ್ನು ಬಿಚ್ಚಿ ಮೇಲೆ ಕಟ್ಟಬೇಕು ಎಂದರೆ ಊರಿನ ಹಿರಿಯರು ಒಪ್ಪರು, ಇದ್ದಲ್ಲೇ ಬಿಡುತ್ತೇನೆ ಎಂದರೆ ಈ ಹೆಂಗಸು ಗುಂಡಿಯೊಳಗೆ. ಸ್ಥಳ ನೋಡಲು ಎಲ್ಲರನ್ನೂ ಕರೆಸಿದೆ. ಮರಿಸ್ವಾಮಪ್ಪನವರಿಗೆ ಅಷ್ಟರಲ್ಲಿ ವಿಷಯ ತಿಳಿದಿತ್ತು. ಸಿಟ್ಟಿನಿಂದಲ್ಲ, ಮನೆಯ ಹಿರಿಯನ ದನಿಯಲ್ಲೇ ಹೇಳಿದರು: "ನೀರು ಕೊಡೋದು ಧರ್ಮ, ಸರಿ. ಕೈಗೆ ಕೊಟ್ವಿ, ಮುಗೀತು. ಮುಖ ನೋಡ್ಬೇಕು ಅಂದ್ರೆ ನಾಳೆ ಯಾರು ಅಂತ ಕೇಳ್ಬೇಕು, ಯಾವ ಕೇರಿ ಅಂತ ಕೇಳ್ಬೇಕು. ಆಮೇಲೆ ಇಕ್ಕಟ್ಟು ಯಾರಿಗಮ್ಮ? ಯಾವ ಜನವೋ ಏನೋ."

ಮಹದೇವಮ್ಮ ಸೆರಗು ಸರಿಮಾಡಿಕೊಂಡರು. ಭಾವನೆದುರು ಅವರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ, ಆವತ್ತೂ ಎತ್ತಲಿಲ್ಲ.

"ಭಾವನೋರೆ, ಕಲ್ಲು ಮಾವನೋರ್ದು. ನೀರು ಹೊರೋಳು ನಾನು."

ಜನರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮರಿಸ್ವಾಮಪ್ಪನವರು ಮಂಟಪದ ಕಂಬದ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಎತ್ತಿ ಸಾಹೇಬರೇ. ಒಂದು ಕಲ್ಲೂ ಬಿರುಕು ಬಿಡಬಾರದು" ಎಂದರು. ದೊಡ್ಡ ಮನುಷ್ಯ. ಕೆಲವರು ಸೋತಾಗ ಇನ್ನೂ ಚೆನ್ನಾಗಿ ಕಾಣುತ್ತಾರೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇಲಧಿಕಾರಿಗಳು ನಕ್ಷೆ ನೋಡಿ, "ಇದೇನು, ಸ್ಟಾಲಾ? ಲೈಸೆನ್ಸ್ ಯಾರ ಹೆಸರಿಗೆ?" ಎಂದರು. "ಮಾರೋದಲ್ಲ ಸರ್, ಕೊಡೋದು" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಕೊಡೋರಿಗೆ ನಮ್ಮಲ್ಲಿ ರೂಲೇ ಇಲ್ಲವಲ್ರೀ. ರೂಲ್ ಇಲ್ಲ ಅಂದ ಮೇಲೆ ಬೇಡ ಅನ್ನೋಕೂ ಇಲ್ಲ" ಎಂದು ನಕ್ಕರು. ಒಂದೇ ಷರತ್ತು: ಕಟ್ಟಡ ಯಾವುದೇ ಇರಲಿ, ಹಳಿಯ ಮಧ್ಯದಿಂದ ಐದು ಮೀಟರಿಗಿಂತ ಆಚೆಯೇ ಇರಬೇಕು. ಡಬ್ಬಿಯ ಬಾಗಿಲಿಂದ ಯಾರಾದರೂ ತಲೆ ಹೊರಗೆ ಹಾಕಿದರೆ ತಾಗದಿರಲಿ ಎಂದು ಈ ಅಂತರ. ಕಲ್ಲುಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಬಿಚ್ಚಿ, ಗೋಣಿಚೀಲ ಸುತ್ತಿ ಇಟ್ಟೆವು. ಪ್ಲಾಟ್‌ಫಾರ್ಮು ಎದ್ದ ಮೇಲೆ ಅದೇ ನಂಬರಿನ ಪ್ರಕಾರ ಮತ್ತೆ ನಿಲ್ಲಿಸಿದೆವು. ಮಂಟಪದಲ್ಲಿ ಬಿರುಕು ಬಿಟ್ಟದ್ದು ಏನೂ ಇಲ್ಲ. ನನ್ನ ಸೊಂಟ ಮಾತ್ರ.

ಅದಕ್ಕೂ ಮುಂಚೆ, ಕಲ್ಲು ಬಿಚ್ಚುವ ಮೊದಲು, ಚಿಕ್ಕ ಗಾಡಿ ಕೊನೆಯ ಸಲ ಹೊರಟ ದಿನ ಊರಿಗೆ ಊರೇ ಬಂದಿತ್ತು. ಮಹದೇವಮ್ಮ ಎಲ್ಲ ಕಿಟಕಿಗಳ ಕೆಳಗೂ ಓಡಾಡಿದರು. ಆದರೆ ಅದು ಹಚ್ಚೆ ಕೈಯವಳು ಬರುವ ದಿನವಾಗಿರಲಿಲ್ಲ. ಗಾಡಿ ನಿಲ್ಲುವ ತಾರೀಕು ಗೊತ್ತಾದದ್ದೇ ಅವಳು ಆ ವಾರ ಬಂದು ಹೋದ ಮೇಲೆ; ಇನ್ನು ಗಾಡಿ ಇರುವುದಿಲ್ಲವೆಂದು ಅವಳಿಗೆ ಒಂದು ಮಾತು ಹೇಳಲೂ ಆಗಲಿಲ್ಲ.

ಆಮೇಲೆ ರೈಲಿಲ್ಲದ ಸ್ಟೇಷನ್. ಅಂಥ ಜಾಗದಲ್ಲಿ ಕೆಲಸ ಮಾಡಿದವರಿಗಷ್ಟೇ ಅದರ ಬೇಸರ ಗೊತ್ತು. ಹಳಿ ಕಿತ್ತ ದಾರಿ ಬರೀ ಜಲ್ಲಿಯ ಏರಿ. ಗಡಿಯಾರ ನಡೆಯುತ್ತದೆ, ಅದನ್ನು ನೋಡುವವರಿಲ್ಲ. ಮಧ್ಯಾಹ್ನದ ಗಾಡಿಯ ಹೊತ್ತಿಗೆ ನನಗೇ ಅರಿವಿಲ್ಲದೆ ಚಾಮರಾಜನಗರದ ದಿಕ್ಕಿಗೆ ಕಿವಿ ಕೊಡುತ್ತಿದ್ದೆ. ಮಹದೇವಮ್ಮನೂ ಅದೇ ಹೊತ್ತಿಗೆ ಕೊಡ ಹೊತ್ತು ಬಂದು, ಜಲ್ಲಿ ಹಾಕುವವರಿಗೆ, ಗಾರೆ ಕೆಲಸದವರಿಗೆ ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳಿ ಹೋಗುತ್ತಿದ್ದರು: "ಯಾವಾಗ ಬತ್ತದೆ ಸಾ?" ಗುತ್ತಿಗೆದಾರರು ತಡ ಮಾಡಿದಾಗ, ಮೇಲಿನಿಂದ ಹಣ ಬಾರದೆ ಕೆಲಸ ನಿಂತಾಗ, ಆ ಪ್ರಶ್ನೆಗೆ ಉತ್ತರ ಹೇಳುವುದು ಮೇಲಧಿಕಾರಿಗಳಿಗೆ ವರದಿ ಕೊಡುವುದಕ್ಕಿಂತ ಕಷ್ಟವಾಗುತ್ತಿತ್ತು.

ರೈಲಿನ ಜನವೆಲ್ಲ ಬಸ್ಸಿಗೆ ಹೋಗಿದ್ದರು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಮಹದೇವಮ್ಮನನ್ನು ನೋಡಿದೆ. ನರಸೀಪುರಕ್ಕೆ ಹೊರಟಿರಬೇಕೆಂದುಕೊಂಡೆ. ಆದರೆ ಅವರು ಯಾವ ಬಸ್ಸೂ ಹತ್ತಲಿಲ್ಲ. ಚಾಮರಾಜನಗರದಿಂದ ಬರುವ ಬಸ್ಸುಗಳ ಪಕ್ಕ ನಿಂತು, ಕಂಬಿ ಹಿಡಿದು ನಿಂತವರ ಕೈಗಳನ್ನು ನೋಡುತ್ತಿದ್ದರು. ನನ್ನನ್ನು ಕಂಡು ನಾಚಿ, "ಬಸ್ಸಲ್ಲಿ ಎಲ್ರೂ ತುಂಬ್ಕಂಡಿರ್ತಾರೆ ಸಾ, ಯಾರ ಕೈ ಯಾರ್ದು ಅಂತ ಗೊತ್ತಾಗಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಗೂ ಹಳಿ ಬಿತ್ತು. ಸುರಕ್ಷತೆಯ ಅಧಿಕಾರಿಗಳು ಬಂದು ಅಳೆದು, ಎಂಜಿನ್ ಓಡಿಸಿ ನೋಡಿ ಒಪ್ಪಿಗೆ ಕೊಟ್ಟರು. ಮೊದಲ ದೊಡ್ಡ ಗಾಡಿ ಬಂದ ದಿನ ಬಾಳೆಕಂಬ, ಬ್ಯಾಂಡು, ಭಾಷಣ. ಮಹದೇವಮ್ಮ ಹೊಸ ಪ್ಲಾಟ್‌ಫಾರ್ಮಿನ ಮೇಲೆ, ಸರಿಯಾಗಿ ಕಿಟಕಿಗಳ ನೇರಕ್ಕೆ ನಿಂತಿದ್ದರು. ಈ ಕೆಲವು ವರ್ಷಗಳಲ್ಲಿ ಅವರಿಗೆ ವಯಸ್ಸಾಗಿತ್ತು. ಗಾಡಿ ನಿಂತಿತು. ಕಿಟಕಿಗಳಲ್ಲಿ ಮುಖಗಳು, ಎಲ್ಲವೂ ಸ್ಪಷ್ಟ. ಆದರೆ ಒಂದು ಕೈಯೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಎಲ್ಲರ ಮಡಿಲಲ್ಲೂ ಕೊಂಡ ನೀರಿನ ಬಾಟಲು ಬಂದು ಕೂತಿತ್ತು. ಕೊಡ ಹಾಗೇ ತುಂಬಿತ್ತು. ಆವತ್ತು ನಾನು ಒಂದು ಲೋಟ ಕೇಳಿ ಕುಡಿದೆ, ಬಾಯಾರಿಕೆ ಇರಲಿಲ್ಲ.

ನಾಲ್ಕಾರು ವಾರ ಹಾಗೆಯೇ ಹೋದವು. ಅವರು ಬಂದು ನಿಲ್ಲುವುದು, ಗಾಡಿ ಹೊರಡುವುದು. ಹಳೆಯ ಗಾಡಿ ಎದುರಿನದಕ್ಕೆ ದಾರಿ ಬಿಡಲೆಂದು ಹೊತ್ತುಗಟ್ಟಲೆ ನಿಲ್ಲುತ್ತಿತ್ತು. ಇದು ಬಂದಷ್ಟೇ ಬೇಗ ಹೋಗುತ್ತಿತ್ತು. ಆ ಹಚ್ಚೆ ಕೈಯವಳು ಬದುಕಿದ್ದಾಳೋ ಇಲ್ಲವೋ ಎಂಬ ಮಾತು ನನ್ನ ನಾಲಿಗೆಯ ತುದಿವರೆಗೂ ಬಂದು ಹಿಂದೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಪ್ಲಾಟ್‌ಫಾರ್ಮಿನ ಅಂಚುಗಲ್ಲಿನ ಸಂದು ನೋಡುತ್ತ ಕೂತಿದ್ದೆ. ಗಾಡಿ ಬಂತು. ಮಹದೇವಮ್ಮ ಎಂದಿನಂತೆ ಡಬ್ಬಿಗಳ ಉದ್ದಕ್ಕೂ ನಡೆದರು. ಆಗ ನಾನು ಗಮನಿಸಿದೆ: ಮುಖದ ನೇರಕ್ಕೆ ಮುಖಗಳಿದ್ದರೂ ಅವರು ತಲೆ ತಗ್ಗಿಸಿ, ಕಿಟಕಿಯ ಅಂಚಿನ ಮೇಲಿದ್ದ ಕೈಗಳನ್ನೇ ನೋಡುತ್ತ ಹೋಗುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ. ಒಂದು ಕಿಟಕಿ ದಾಟಿ ಮುಂದೆಯೂ ಹೋದರು.

"ಅಕ್ಕಾ."

ನಿಂತರು. ಹಿಂದಿರುಗಿದರು. ಕಿಟಕಿಯಲ್ಲಿ ಮಡಿಲ ಮೇಲೆ ಗಂಟು ಇಟ್ಟುಕೊಂಡು, ಎರಡೂ ಕೈ ಗಂಟಿನ ಕೆಳಗಿಟ್ಟು ಒಬ್ಬ ಸಣಕಲು ಹೆಂಗಸು ಕೂತಿದ್ದಳು. ಮಹದೇವಮ್ಮ ಅವಳ ಮುಖವನ್ನು ನೋಡಿದರು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

"ನೀನೇನವ್ವ?"

"ನಾನೇ ಕಣಕ್ಕ."

"ಇಷ್ಟು ಸಣ್ಣೋಳಾ? ಆ ಎತ್ತರದಿಂದ ಕೈ ಬರೋದ ನೋಡಿ, ನೀನು ಭಾರಿ ಎತ್ತರದೋಳು ಅಂದ್ಕಂಡಿದ್ದೆ."

ಆ ಹೆಂಗಸು ನಕ್ಕಳು, ಕಣ್ಣೊರೆಸಿಕೊಂಡಳು. "ನೀವು ನಂಗೆ ಗೊತ್ತಿದ್ರಿ ಅಕ್ಕ. ಮೇಲಿಂದ ಕಾಣ್ತಿತ್ತಲ್ಲ. ನೀವು ತಲೆ ಎತ್ತೋವಾಗ ಸೆರಗು ಜಾರೋದು. ನಿಮ್ಮ ಬೈತಲೆ ಬೆಳ್ಳಗಾಯ್ತಾ ಬರೋದ ವಾರವಾರವೂ ನೋಡ್ತಿದ್ದೆ."

ಗಾಡಿ ಕೂಗಿತು. ಮಹದೇವಮ್ಮ ಕಂಬಿಗಳ ಸಂದಿಯಿಂದ ಕೈ ತೂರಿಸಿ ಅವಳ ಕೆನ್ನೆ ಮುಟ್ಟಿದರು. ಗಾಡಿ ಅಲ್ಲಾಡಿತು. ನಾನು ಎದ್ದು ಅವರ ತೋಳು ಹಿಡಿದು ಹಿಂದಕ್ಕೆ ಎಳೆಯಬೇಕಾಯಿತು, ಅದು ನನ್ನ ಕರ್ತವ್ಯ. ಕೊನೆಯ ಡಬ್ಬಿ ಕಪಿಲಾ ಸೇತುವೆಯ ಕಡೆ ಮರೆಯಾಗುವತನಕ ಇಬ್ಬರೂ ಅಲ್ಲೇ ನಿಂತಿದ್ದೆವು.

"ನೀರು ಕೊಡಲೇ ಇಲ್ಲವಲ್ಲಮ್ಮ. ಹೆಸರನ್ನೂ ಕೇಳಲಿಲ್ಲ" ಎಂದೆ.

"ನೀರು ಮುಂದಿನ ವಾರ ಕೊಡ್ತೀನಿ," ಎಂದರು. ಕೊಡವನ್ನು ಕಂಕುಳಲ್ಲಿ ಸರಿಮಾಡಿಕೊಂಡು, "ಹೆಸರು ಬ್ಯಾಡ ಬುಡಿ ಸಾ. ಹೆಸರು ಕೇಳಿದ್ರೆ ಊರು ಕೇಳ್ಬೇಕು, ಊರು ಕೇಳಿದ್ರೆ ಕೇರಿ ಕೇಳ್ಬೇಕು. ನಂಗೆ ಮುಖ ಸಾಕು."

ನಾನು ನಿವೃತ್ತನಾಗುವ ಮುಂಚೆ ಇನ್ನೂ ಎಷ್ಟೋ ಸ್ಟೇಷನ್ನುಗಳ ಪ್ಲಾಟ್‌ಫಾರ್ಮು ಎತ್ತರಿಸಿದೆ. ಚಿಕ್ಕ ಗಾಡಿಯ ಹಂಬಲ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಹಳೆಯದನ್ನು ಇದ್ದ ಹಾಗೇ ಉಳಿಸಿ ಎಂದು ಯಾರಾದರೂ ಬಂದರೆ, ಅದರ ಕೆಳಗೆ ನಿಂತು ದುಡಿದವರು ಯಾರು, ಅವರು ಏನು ಹೇಳುತ್ತಾರೆ ಎಂದು ಮೊದಲು ಕೇಳುತ್ತಿದ್ದೆ. ಪ್ಲಾಟ್‌ಫಾರ್ಮು ಎತ್ತರವಿರುವುದು ಜನ ಸುಲಭವಾಗಿ ಹತ್ತಿ ಇಳಿಯಲು ಎಂದು ನಮ್ಮ ನಿಯಮಗಳು ಹೇಳುತ್ತವೆ. ಮೇಲೆ ಕೂತವರಿಗೆ ಕೆಳಗಿನವರ ಮುಖ ಎಂದೂ ಕಾಣುತ್ತಲೇ ಇತ್ತು. ಕೆಳಗೆ ನಿಂತವರಿಗೂ ಕಾಣಲಿ ಎಂಬ ಕಾರಣವನ್ನು ನಾನು ಕಲಿತದ್ದು ನಂಜನಗೂಡಿನಲ್ಲಿ.